ಬಟಾಣಿ ಎಂದು ಕರೆಸಿಕೊಂಡ ಕೋಳಿ

ಫ್ರೀಜರಿನಲ್ಲಿ ಕಲ್ಲಾದ ಕೋಳಿಯನ್ನು ಹಾಗೇ ಎತ್ತಿ ಸ್ಲೋ ಕುಕ್ಕರಿಗೆ ಹಾಕಬಾರದು. ಮೊದಲು ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ರಸ ಸೋರದ ಪಾತ್ರೆಯೊಳಗೆ, ಒಂದಿಡೀ ದಿನ ಇಟ್ಟು ಪೂರ್ತಿ ಕರಗಿಸಬೇಕು. ಕಾರಣ ಸರಳ. ಕರೆಂಟಿನ ಆ ಕುಕ್ಕರ್ ಬೇಯಿಸುವುದೇ ನಿಧಾನವಾಗಿ, ಕಡಿಮೆ ಶಾಖದಲ್ಲಿ. ಅದರೊಳಗೆ ಮಂಜುಗಡ್ಡೆ ಇಟ್ಟರೆ ಮಾಂಸ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತಿರುತ್ತದೆ, ಆ ಬೆಚ್ಚಗಿನಲ್ಲಿ ಕ್ರಿಮಿಗಳು ಹುಲುಸಾಗುತ್ತವೆ, ಅವು ಬಿಟ್ಟ ವಿಷ ಕೆಲವು ಸಲ ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲಿ ಇದನ್ನು ಬರೆದಿರುತ್ತಾರೆ. ಪುಸ್ತಕ ಯಾರೂ ಓದುವುದಿಲ್ಲ.

ಹನುಮಂತನಗರದ ಅನ್ನಪೂರ್ಣ ಓದಿದ್ದಳು. ಓದಿಯೂ ಐದು ಭಾನುವಾರ ಕಲ್ಲಿನಂಥ ಕೋಳಿಯನ್ನು ಹಾಗೇ ಹಾಕಿದಳು. ಅವಳನ್ನು ದಡ್ಡಿ ಎನ್ನುವ ಮೊದಲು ಅವಳ ಮನೆಯ ಫ್ರಿಜ್ಜಿನ ಬಾಗಿಲನ್ನು ಯಾರು ಯಾರು ತೆಗೆಯುತ್ತಿದ್ದರು ಎಂಬುದನ್ನು ತಿಳಿದುಕೊಳ್ಳಿ.

ಅನ್ನಪೂರ್ಣ ಗಜೇಂದ್ರಗಡದ ಕಡೆಯವಳು. ಜಯನಗರದಲ್ಲಿ ಹಲ್ಲಿನ ಡಾಕ್ಟರ್ ಶರ್ವಾಣಿಯವರ ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಬಾಯೊಳಗೆ ಹೋಗಿಬಂದ ಇಕ್ಕಳ, ಕನ್ನಡಿ, ಕೊಕ್ಕೆಗಳನ್ನು ತೊಳೆದು, ಪೊಟ್ಟಣ ಕಟ್ಟಿ, ಹಬೆಯ ಯಂತ್ರದೊಳಗಿಟ್ಟು ಕ್ರಿಮಿ ಸಾಯಿಸುವುದು. ಪೊಟ್ಟಣದ ಮೇಲೆ ಒಂದು ಟೇಪು ಇರುತ್ತದೆ. ಶಾಖ ಸಾಕಷ್ಟು ತಾಗಿದರೆ ಅದರ ತಿಳಿ ಗೆರೆಗಳು ಕಪ್ಪಾಗುತ್ತವೆ. ಗೆರೆ ಬೂದಿಬಣ್ಣದಲ್ಲೇ ನಿಂತಿತೋ, ಹೊರಗೆ ರೋಗಿ ಕೆನ್ನೆ ಹಿಡಿದು ಕೂತಿದ್ದರೂ ಸರಿ, ಅವಳು ಇಡೀ ಟ್ರೇಯನ್ನು ಮತ್ತೆ ಮೊದಲಿಂದ ತೊಳೆಯುತ್ತಾಳೆ. ಕೆಲಸಕ್ಕೆ ಸೇರಿದ ದಿನ ಡಾಕ್ಟರು ಹೇಳಿದ್ದು ಅವಳಿಗೆ ಬಾಯಿಪಾಠ. "ಬೆಚ್ಚಗಾದ್ರೆ ಸಾಲಲ್ಲ ಅನ್ನಪೂರ್ಣ. ಬೆಚ್ಚಗೆ ಅಂದ್ರೆ ಅವಕ್ಕೆ ಹಾಸಿಗೆ ಹಾಸಿ, ಹೊದಿಕೆ ಕೊಟ್ಟ ಹಾಗೆ."

ಯಂತ್ರ ಗುಂಯ್ ಎನ್ನುವ ಅಷ್ಟು ಹೊತ್ತು ಅವಳಿಗೆ ಬಿಡುವು. ಕಿಟಕಿಯ ಗಾಜಿಗೆ ಹಬೆ ಕಟ್ಟುತ್ತದೆ, ಹೊರಗಿನ ಹೊಂಗೆ ಮರ ಹಸಿರು ನೀರಾಗಿ ಇಳಿಯುತ್ತದೆ, ಅವಳು ಕಣ್ಣು ತೆರೆದುಕೊಂಡೇ ಎಲ್ಲಿಗೋ ಹೋಗಿರುತ್ತಾಳೆ. ಹೋಗುವ ಜಾಗ ಯಾವಾಗಲೂ ಒಂದು ಅಡುಗೆಮನೆ. ಅದಕ್ಕೆ ದೊಡ್ಡ ಕಿಟಕಿ. ಕಿಟಕಿ ತೆರೆದಿದೆ. ಒಗ್ಗರಣೆಯ ಹೊಗೆ ಯಾರ ಅಪ್ಪಣೆಯೂ ಇಲ್ಲದೆ ಬೀದಿಗೆ ಹೋಗುತ್ತಿದೆ, ಬೀದಿಯಲ್ಲಿ ಹೋಗುವವರು ಮೂಗರಳಿಸಿ ಸುಮ್ಮನೆ ಮುಂದೆ ನಡೆಯುತ್ತಿದ್ದಾರೆ. ಕನಸು ಇಷ್ಟೇ. ಇಷ್ಟನ್ನೂ ಕನಸು ಕಾಣಬೇಕಾದ ಊರು ಇದು.

ನಿಜವಾದ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಗುಡ್ಡದ ಮಗ್ಗುಲಿನ ಅಡ್ಡರಸ್ತೆಯಲ್ಲಿ ಅಲಮೇಲು ಅವರ ಹಳೆಯ ಮನೆ. ಅದರ ಹಿಂಬದಿಯ ಎರಡು ಕೋಣೆ ಅನ್ನಪೂರ್ಣ ಮತ್ತು ಅವಳ ಗಂಡನಿಗೆ ಬಾಡಿಗೆ. ಮೂರು ವರ್ಷದ ಹಿಂದೆ ಮನೆ ನೋಡಲು ಬಂದಾಗ ಗೇಟಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡಿತ್ತು. ಅದನ್ನು ಓದಿ ಹಿಂದಕ್ಕೆ ತಿರುಗುವಷ್ಟರಲ್ಲಿ ಅಲಮೇಲು ಬಾಗಿಲಿಗೆ ಬಂದಿದ್ದರು.

"ಹೆಸರೇನಮ್ಮಾ?"

"ಅನ್ನಪೂರ್ಣ."

"ಹೆಸರೇ ಅನ್ನಪೂರ್ಣ. ಇನ್ನೇನು ಕೇಳೋದಿದೆ, ಒಳಗೆ ಬಾ."

ಅವರು ಮುಂದಕ್ಕೆ ಕೇಳಲಿಲ್ಲ, ಇವಳು ಹೇಳಲಿಲ್ಲ. ಇದನ್ನು ಸುಳ್ಳು ಎನ್ನುವವರು ಒಂದೂವರೆ ತಿಂಗಳು ಬಿಸಿಲಿನಲ್ಲಿ ಗೇಟು ಗೇಟು ಅಲೆದು, ಆಮೇಲೆ ಬಂದು ನ್ಯಾಯ ಹೇಳಲಿ.

ಅಲಮೇಲು ಕೆಟ್ಟವರಲ್ಲ. ತೊಂದರೆ ಇರುವುದೇ ಅಲ್ಲಿ. ಹಿಂದಿನ ಕೋಣೆಯ ಫ್ರಿಜ್ಜು ಅವರದು. ಮನೆಯ ಜೊತೆಗೇ ಬಾಡಿಗೆಗೆ ಕೊಟ್ಟಿದ್ದರೂ ಅದು ತಮ್ಮದಲ್ಲ ಎಂದು ಅವರ ಕೈಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ದೇವರ ಹೂವು ತಂದಿಡಲು ಒಮ್ಮೆ, ಸಂಜೆ ಮೊಸರು ಒಯ್ಯಲು ಒಮ್ಮೆ, "ಅನ್ನಪೂರ್ಣಾ, ಬಂದೆ ಕಣೇ" ಎನ್ನುತ್ತಲೇ ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದರು. ತೆಗೆದವರು ಪ್ರತಿಯೊಂದು ಡಬ್ಬದ ಮುಚ್ಚಳವನ್ನೂ ಎತ್ತಿ ನೋಡುವರು. "ಹಿಟ್ಟು ಹುಳಿ ಬಂದಿದೆ, ಇವತ್ತೇ ದೋಸೆ ಹುಯ್ದುಬಿಡು." ಮೇಲಿನ ಫ್ರೀಜರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬೆರಳಿನ ಗೆಣ್ಣುಗಳಿಗೆ ತಂಪು ಆಗಿಬರುತ್ತಿರಲಿಲ್ಲ.

ಈ ಮನೆಗೆ ಅನ್ನಪೂರ್ಣಳ ಅತ್ತೆ ದುಂಡವ್ವ ಚಿಕಿತ್ಸೆಗೆಂದು ಬಂದಳು. ಎದೆಯ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ. ಮೊದಲನೆಯದಾದ ಮೇಲೆ ಮುದುಕಿ ವಾಂತಿಯಲ್ಲಿ ಒದ್ದಾಡುವಾಗ ಅಲಮೇಲು ಗಂಜಿ ಮಾಡಿ ತಂದು, ತಾವೇ ಚಮಚದಲ್ಲಿ ಕುಡಿಸಿದ್ದರು. ಎರಡನೆಯದಾದ ಮೇಲೆ ಆಸ್ಪತ್ರೆಯ ಡಾಕ್ಟರು ಹೇಳಿದರು: ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗಿದೆ, ಮೈಗೆ ಕಸುವು ಬೇಕು, ಮೊಟ್ಟೆ ಕೊಡಿ, ಕೋಳಿ ಕೊಡಿ. ಹೊರಗಿನ ಊಟ ಬೇಡ. ಅರೆಬೆಂದದ್ದು ಬೇಡವೇ ಬೇಡ. ಈಗ ಹೊಟ್ಟೆಗೆ ಸೋಂಕು ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ.

ಹಸಿ ಕೋಳಿಯ ಕಪ್ಪು ಚೀಲ ಹಿಡಿದು ಆ ಗೇಟಿನೊಳಗೆ ಬರುವ ಹಾಗಿಲ್ಲ. ಪ್ರೆಶರ್ ಕುಕ್ಕರ್ ಕೂಗಿದರೆ ಒಂದೇ ಸೀಟಿಗೆ ವಾಸನೆ ಇಡೀ ಓಣಿಗೆ. ಅದೇ ದಿನಗಳಲ್ಲಿ ಡಾಕ್ಟರ್ ಶರ್ವಾಣಿ ಮನೆ ಬದಲಿಸುವಾಗ ತಮ್ಮ ಸ್ಲೋ ಕುಕ್ಕರನ್ನು ಪುಸ್ತಕದ ಸಮೇತ ಕೊಟ್ಟರು. ಸದ್ದಿಲ್ಲ, ಸೀಟಿಯಿಲ್ಲ. ಮುಚ್ಚಳದ ಅಂಚಿಗೆ ಒದ್ದೆ ಟವೆಲ್ ಸುತ್ತಿದರೆ ವಾಸನೆಯೂ ಅಷ್ಟಕ್ಕಷ್ಟೇ. ಗಂಡ ನಿಂಗರಾಜ ಬಿಟಿಎಂನಲ್ಲಿ ಕಚೇರಿಯವರ ಕ್ಯಾಬ್ ಓಡಿಸುವವನು. ಫ್ರೋಜನ್ ಕೋಳಿಯ ಪೊಟ್ಟಣವನ್ನು ಊಟದ ಬ್ಯಾಗಿನಲ್ಲಿ ತಂದ. ಅದನ್ನು ಬಟಾಣಿಯ ಖಾಲಿ ಕವರಿನೊಳಗೆ ತುರುಕಿ ಫ್ರೀಜರಿನಲ್ಲಿಟ್ಟರು. ಅಂದಿನಿಂದ ಆ ಮನೆಯಲ್ಲಿ ಕೋಳಿಗೆ ಬಟಾಣಿ ಎಂದು ಹೆಸರು.

ಈಗ ಹೇಳಿ, ಅದನ್ನು ಕರಗಿಸುವುದೆಲ್ಲಿ? ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಟ್ಟರೆ ಅದರ ಮೇಲಿನದರಲ್ಲಿ ದೇವರ ಹೂವಿದೆ, ಮುಚ್ಚಳ ಎತ್ತಿ ನೋಡುವ ಕೈಯಿದೆ. ಕಟ್ಟಿದ ಪೊಟ್ಟಣವನ್ನು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧರ್ಧ ಗಂಟೆಗೆ ನೀರು ಬದಲಿಸಿಯೂ ಕರಗಿಸಬಹುದು. ಆದರೆ ನಲ್ಲಿ ಇರುವುದು ಓಣಿಯಲ್ಲಿ, ಅಲಮೇಲು ಅವರ ಕಿಟಕಿಯ ಕೆಳಗೆ. ಹೀಗಾಗಿ ಭಾನುವಾರ ಬೆಳಿಗ್ಗೆ ಕಲ್ಲು ಕಲ್ಲಾಗಿಯೇ ಕುಕ್ಕರಿಗೆ ಬೀಳುತ್ತಿತ್ತು. ಒಂಬತ್ತು ವರ್ಷ ಬೂದಿ ಗೆರೆಯನ್ನು ನಂಬದವಳು ಮನೆಯಲ್ಲಿ ಕಣ್ಣು ಮುಚ್ಚಿ ಮುಚ್ಚಳ ಮುಚ್ಚುತ್ತಿದ್ದಳು.

ಆ ಭಾನುವಾರಗಳು ಮಾತ್ರ ನೀರಿನಡಿಯ ದಿನಗಳ ಹಾಗಿದ್ದವು. ಮಲಗುವ ಕೋಣೆಯ ಸ್ಟೂಲಿನ ಮೇಲೆ ಕುಕ್ಕರ್, ಅದರ ಕೆಂಪು ದೀಪ, ಮುಚ್ಚಿದ ಕಿಟಕಿ, ಪರದೆಯಿಂದ ಸೋಸಿ ಬರುವ ಹಳದಿ ಬೆಳಕು. ಗಾಜಿನ ಮುಚ್ಚಳದಲ್ಲಿ ಹನಿ ಕೂಡುತ್ತದೆ, ದಪ್ಪಗಾಗುತ್ತದೆ, ಜಾರುತ್ತದೆ. ಶುಂಠಿಯದೋ ಮೆಣಸಿನದೋ ಒಂದು ಎಳೆ ಘಮ ಹೊದಿಕೆಯೊಳಗೆ ನುಸುಳುತ್ತದೆ. ದುಂಡವ್ವ ಅರೆನಿದ್ದೆಯಲ್ಲೇ ಮಾತಾಡುತ್ತಾಳೆ.

"ನಮ್ಮವ್ವ ಹಿತ್ತಲದಾಗ ಕುಂತು ಕಲ್ಲಾಗ ಮಸಾಲಿ ಅರೀತಿದ್ಲು. ಈಗ ಅರಿಯಾಕತ್ತಾಳ, ಕೇಳಸ್ತೈತೇನ?"

"ಅದು ಪಕ್ಕದ ಮನಿ ಮೋಟರ್ ರೀ ಅತ್ತಿ."

"ಇರ್ಲಿ ಬಿಡು, ಅಕೀನ ಅನ್ಕೋತೀನಿ."

ಸಂಜೆ ನಾಲ್ಕಕ್ಕೆ ಬಟ್ಟಲು ತುಂಬ ಸಾರು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ ಮುದುಕಿ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು, ಅವಳ ಬೋಳಾದ ತಲೆಯ ಮೇಲೆ ಬೆವರು ಮೂಡುತ್ತಿತ್ತು. ಅದನ್ನು ನೋಡುತ್ತ ಅನ್ನಪೂರ್ಣ ಪುಸ್ತಕದಲ್ಲಿ ಓದಿದ್ದನ್ನು ಮರೆಯುತ್ತಿದ್ದಳು. ಮರೆಯುವುದು ಸುಲಭವಾಗಿತ್ತು. ಏನೂ ಆಗಿರಲಿಲ್ಲವಲ್ಲ.

ಐದನೆಯ ಭಾನುವಾರ ಹನ್ನೊಂದರ ಹೊತ್ತಿಗೆ ಕರೆಂಟು ಹೋಗಿ ಬಂತು. ಕುಕ್ಕರ್ ಏನಾಯಿತೋ ಎಂದು ಅನ್ನಪೂರ್ಣ ಮುಚ್ಚಳ ತೆಗೆದಳು. ಇಟ್ಟು ಮೂರು ಗಂಟೆಯಾಗಿತ್ತು. ಮೇಲಿನ ನೀರು ಬೆಚ್ಚಗಿತ್ತು, ಕೂಸಿಗೆ ಎರೆಯುವ ನೀರಿನಷ್ಟು. ಸೌಟು ತೂರಿಸಿದಳು. ನಡುವೆ ಟಣ್ ಎಂದು ತಾಗಿತು. ಒಳಗೆ ಇನ್ನೂ ಹಿಮ.

ಹಾಸಿಗೆ ಹಾಸಿ, ಹೊದಿಕೆ ಕೊಟ್ಟ ಹಾಗೆ.

ಅವಳು ಸೌಟು ಹಿಡಿದುಕೊಂಡೇ ನಿಂತಳು. ಮಂಚದ ಮೇಲೆ ಹೊದಿಕೆಯೊಳಗೆ ಅತ್ತೆ ಬೆಚ್ಚಗೆ ಮಲಗಿದ್ದಳು, ಸ್ಟೂಲಿನ ಮೇಲೆ ಅದೂ ಬೆಚ್ಚಗಿತ್ತು. ದಿಂಬಿನ ಪಕ್ಕದಲ್ಲಿ ನಿನ್ನೆಯ ರಕ್ತದ ವರದಿ. ಬಿಳಿ ಕಣ ಇನ್ನೂ ಇಳಿದಿತ್ತು. ನಾಲ್ಕು ಸಲ ಏನೂ ಆಗದಿದ್ದದ್ದು ಬರೀ ಪುಣ್ಯ ಎಂದು ಅವಳಿಗೆ ಆಗ ಮೈಯೆಲ್ಲ ತಿಳಿಯಿತು. ಕುಕ್ಕರಿನ ಪ್ಲಗ್ಗು ಕಿತ್ತಳು.

"ಆತೇನವಾ ಬಟಾಣಿ?" ದುಂಡವ್ವ ಕಣ್ಣು ಬಿಡದೆ ಕೇಳಿದಳು.

"ಇಲ್ರೀ. ಕೆಟ್ಟೈತಿ. ಚೆಲ್ಲತೀನಿ."

"ಯಾಕ ಚೆಲ್ಲತಿ? ಇನ್ನೊಂದೀಟು ಕುದಿಸು. ನಾ ಏನ್ ಸಣ್ಣ ಹುಡುಗಿ? ಕಲ್ಲು ತಿಂದ್ರೂ ಅರಗಸ್ತಿದ್ದೆ."

"ಆಗ ಅರಗಸ್ತಿದ್ರಿ. ಈಗ ಬ್ಯಾಡ."

ಮುದುಕಿ ಗೋಡೆಯ ಕಡೆ ಹೊರಳಿದಳು. ಗೋಡೆಗೇ ಮೆಲ್ಲಗೆ ಹೇಳಿದಳು: "ವಾರ ಪೂರ್ತಿ ಇದನ್ನ ನೆನಸಿ ಮಕ್ಕೊಂಡಿರತೀನಿ ನೋಡು."

ಅನ್ನಪೂರ್ಣ ಅದನ್ನು ಚೆಲ್ಲಿದಳು, ಪಾತ್ರೆಯನ್ನು ಸೋಪು ಹಾಕಿ ಉಜ್ಜಿದಳು. ಫ್ರೀಜರಿನಲ್ಲಿ ಇನ್ನೊಂದು ಬಟಾಣಿ ಕವರಿತ್ತು. ಅದನ್ನು ಸ್ಟೀಲ್ ಡಬ್ಬದಲ್ಲಿಟ್ಟು ಮುಚ್ಚಿ ಕೆಳಗಿನ ಹಲಗೆಗೆ ತಂದಳು. ಮೇಲಿನ ಹಲಗೆಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಸಂಪಿಗೆ, ತುಳಸಿ. ಅವಳ ಕೈ ನಿಂತಿತು. ಫ್ರೀಜರಿನಲ್ಲಿದ್ದಾಗ ಅದು ಬಟಾಣಿಯೇ ಆಗಿತ್ತು. ಇಲ್ಲಿಗೆ ಬಂದ ಮೇಲೆ ಕೋಳಿ. ಗಂಜಿ ಕುಡಿಸಿದ ಹೆಂಗಸಿನ ದೇವರ ಹೂವಿನ ಕೆಳಗೆ ಅದನ್ನು ಕದ್ದು ಇಡುವುದು ಅವಳಿಂದ ಆಗಲಿಲ್ಲ. ಡಬ್ಬ ಮತ್ತೆ ಮೇಲೆ, ಫ್ರೀಜರಿಗೆ ಹೋಯಿತು.

ಅಲಮೇಲು ಸಂಜೆ ಮೊಸರಿಗೆ ಬಂದರು. ಅನ್ನಪೂರ್ಣ ಫ್ರಿಜ್ಜಿನ ಮುಂದೆ ನಿಂತಿದ್ದಳು.

"ಅಮ್ಮ, ನಾಳೆಯಿಂದ ಹೂವು ಇದ್ರಲ್ಲಿ ಇಡ್ಬೇಡಿ."

"ಯಾಕೆ, ಕೆಟ್ಟುಹೋಯ್ತಾ ಫ್ರಿಜ್ಜು?"

"ಇಲ್ಲ. ಕೋಳಿ ಇಡ್ತೀನಿ."

ಅಲಮೇಲು ಮೊದಲು ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ಅವಳ ಮುಖ ನೋಡಿದರು.

"ಅತ್ತೆಗೆ ಡಾಕ್ಟರು ಹೇಳಿದಾರೆ. ಅದು ಕೆಳಗಡೆ ಒಂದು ದಿನ ಇದ್ದು ಕರಗ್ಬೇಕು. ಬಚ್ಚಿಟ್ಟು ಬೇಯಿಸಿದ್ರೆ ಸರಿಯಾಗಿ ಬೇಯಲ್ಲ ಅಮ್ಮ. ಐದು ವಾರದಿಂದ ಬಚ್ಚಿಡ್ತಿದೀನಿ."

"ಐದು ವಾರ." ಅಲಮೇಲು ಮೊಸರಿಗೆಂದು ತಂದ ಖಾಲಿ ಪಾತ್ರೆಯನ್ನು ನೋಡಿದರು. "ನನ್ನ ಹೂವಿನ ತಲೆ ಮೇಲೆ."

"ಹೌದು. ತಪ್ಪಾಯ್ತು."

"ಅನ್ನಪೂರ್ಣ ಅಂತ ಹೆಸರಿಟ್ಕೊಂಡು ಹೀಗಾ?"

"ಹೆಸರಿಟ್ಟಿದ್ದು ನಮ್ಮಜ್ಜಿ. ಅವತ್ತೂ ಮನೇಲಿ ಕೋಳಿ ಕೊಯ್ದಿದ್ರಂತೆ."

ಅಲಮೇಲು ಕೂಗಾಡಲಿಲ್ಲ. ಹೂವಿನ ಪೊಟ್ಟಣ ತೆಗೆದುಕೊಂಡರು, ಬಾಗಿಲ ತನಕ ಹೋಗಿ ನಿಂತರು. ಬೆನ್ನು ಮಾಡಿಕೊಂಡೇ ಹೇಳಿದರು. "ಅವರ ಟ್ರೀಟ್‌ಮೆಂಟ್ ಮುಗಿಯೋವರೆಗೂ ಇರಿ. ಆಮೇಲೆ ಬೇರೆ ಕಡೆ ನೋಡ್ಕೊಳ್ಳಿ." ಗಂಜಿ ಕೊಟ್ಟ ಕೈಯೇ ಗಡುವನ್ನೂ ಕೊಟ್ಟಿತು. ಅವರ ಮನಸ್ಸಿಗೆ ನೋವಾದದ್ದು ನಿಜ. ಆ ನೋವಿಗೆ ಫ್ರಿಜ್ಜು ಬೇರೆಯಾದರೆ ಸಾಕಿತ್ತು; ಮನೆ ಬೇರೆಯಾಗಬೇಕಿರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆಯಿಂದ ಕೋಳಿ ಕೆಳಗಿನ ಹಲಗೆಯಲ್ಲಿ ಒಂಟಿಯಾಗಿ ಕೂತು ನಿಧಾನವಾಗಿ ಕರಗಿತು. ಭಾನುವಾರ ಅದು ಮೆತ್ತಗಾಗಿ, ಬೆರಳಿಗೆ ಎಲ್ಲೂ ಹಿಮ ಸಿಗದ ಹಾಗಾದ ಮೇಲೆ ಅನ್ನಪೂರ್ಣ ಕುಕ್ಕರಿಗೆ ಹಾಕಿದಳು. ಮೊದಲ ಒಂದು ಗಂಟೆ ಹೆಚ್ಚಿನ ಶಾಖದಲ್ಲಿ, ಆಮೇಲೆ ನಿಧಾನಕ್ಕೆ. ಡಾಕ್ಟರ್ ಶರ್ವಾಣಿಯವರಿಂದ ಕೇಳಿ ತಂದ ಅಡುಗೆಯ ಥರ್ಮಾಮೀಟರನ್ನು ತೊಡೆಯ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚಿದಳು. ಎಪ್ಪತ್ತನಾಲ್ಕು ಡಿಗ್ರಿ ದಾಟಿದರೆ ಸಾಕು. ಎಂಬತ್ತೆಂಟು ತೋರಿಸಿತು. ಅವಳ ಪಾಲಿಗೆ ಗೆರೆ ಕಪ್ಪಾಯಿತು.

ಆಮೇಲೆ ಟವೆಲ್ ಬಿಚ್ಚಿ, ಪರದೆ ಸರಿಸಿ, ಮಲಗುವ ಕೋಣೆಯ ಕಿಟಕಿ ತೆರೆದಳು. ಐದು ವಾರದ ಘಮವೆಲ್ಲ ಒಟ್ಟಿಗೆ ಎದ್ದು ಹೋದ ಹಾಗೆ ಹೊರಗೆ ಹೋಯಿತು, ಓಣಿಯ ನಲ್ಲಿಯ ಮೇಲೆ, ಸಂಪಿಗೆ ಮರದ ಮೇಲೆ, ಗುಡ್ಡದ ಕಡೆಗೆ.

ದುಂಡವ್ವ ಬಟ್ಟಲಿಗೆ ಬಾಯಿಟ್ಟಳು. ಕಣ್ಣು ಮುಚ್ಚಿ ಅರ್ಧ ಬಟ್ಟಲು ಕುಡಿದಳು. ಆಮೇಲೆ, ಊರಲ್ಲಿ ಹೊಲದಾಚೆಗೆ ಕೇಳುವ ಹಾಗೆ ಮಾತಾಡುತ್ತಿದ್ದ ಹಳೆಯ ದನಿಯಲ್ಲಿ ಹೇಳಿದಳು. "ಕೋಳಿ ಸಾರು ಚೊಲೋ ಆಗೈತಿ."

ಅನ್ನಪೂರ್ಣ ಅವಳ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

ದುಂಡವ್ವನಿಗೆ ಇನ್ನು ಎರಡೇ ಸಲ ಔಷಧಿ ಬಾಕಿ. ಅನ್ನಪೂರ್ಣ ಭಾನುವಾರ ಬೆಳಿಗ್ಗೆ ಕುಕ್ಕರ್ ಹಚ್ಚಿಟ್ಟು ಮನೆ ಹುಡುಕಲು ಹೋಗುತ್ತಾಳೆ. ಕತ್ರಿಗುಪ್ಪೆಯಲ್ಲಿ ನೋಡಿದ್ದಾಯಿತು, ಅಂಜನಾಪುರದವರೆಗೂ ಹೋಗಿ ಬಂದದ್ದಾಯಿತು. ಈಗ ಅವಳು ಗೇಟಿನಲ್ಲೇ, ಹೆಸರು ಹೇಳುವ ಮೊದಲೇ, "ನಾವು ಕೋಳಿ ತಿಂತೀವಿ" ಎನ್ನುತ್ತಾಳೆ. ಗೇಟು ಮುಚ್ಚುತ್ತದೆ. ಅವಳು ಇನ್ನೊಂದು ಬೀದಿಗೆ ತಿರುಗುತ್ತಾಳೆ, ದೊಡ್ಡ ಕಿಟಕಿಯ ಆ ಅಡುಗೆಮನೆ ಅಲ್ಲೇ ಮುಂದಿನ ತಿರುವಿನಲ್ಲಿದೆ ಎನ್ನುವ ಹಾಗೆ.

ಈ ಭಾನುವಾರ ಅವಳು ನಿಮ್ಮ ಬೀದಿಗೆ ಬರಬಹುದು. ಅದಕ್ಕೆ ಮೊದಲು ಎದ್ದು ಹೋಗಿ ನಿಮ್ಮ ಗೇಟಿನ ಬೋರ್ಡು ನೋಡಿ. 'ಸಸ್ಯಾಹಾರಿಗಳಿಗೆ ಮಾತ್ರ' ಎಂದಿದ್ದರೆ ಇವತ್ತೇ ಕಿತ್ತುಹಾಕಿ.