ಸಂಘದ ಹಂಡೆ

ಕಲಾಯಿಯ ವಾಸನೆ ಮೂಗಿಗೆ ಬಡಿದಾಗ ನಾನು ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದೆ. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದರೆ ಬಿಳಿ ಹೊಗೆ ಏಳುತ್ತದಲ್ಲ, ಗಂಟಲು ಕೆರೆಯುವ ಹೊಗೆ... ಅದೇ. ಸಂಘದ ಹಳೆಯ ಕೋಣೆ ಕೆಡವುವ ಮುಂಚೆ ಅಲ್ಲಿದ್ದ ಎರಡು ದೊಡ್ಡ ಹಂಡೆಗಳನ್ನು ಹೊರತಂದು ಕಲಾಯಿ ಹಾಕಿಸುತ್ತಿದ್ದರು. ನನಗೆ ಕಾಕಾ ನೆನಪಾದರು.

ಸೆಕ್ರೆಟರಿ ಕಾಕಾ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಗೋಕಾಕದ ಹೊರಗೆ, ಮೂಡಲಗಿಗೆ ಹೋಗುವ ದಾರಿಯಲ್ಲಿ, ಮಾಸ್ತರರು, ಕಾರಕೂನರು, ಸಣ್ಣ ವ್ಯಾಪಾರಿಗಳು ಸೇರಿ ಇಪ್ಪತ್ತು ಮನೆ ಕಟ್ಟಿಕೊಂಡು ಒಂದು ಸಂಘ ಮಾಡಿಕೊಂಡಿದ್ದೆವು. ಎಲ್ಲರಿಗೂ ಸೇರಿದ್ದೆಂದರೆ ಒಂದು ಬಾವಿ, ಒಂದು ಕೋಣೆ, ಮದುವೆಗೂ ಸಾವಿಗೂ ಬೇಕಾಗುವ ಒಂದು ತಾಮ್ರದ ಹಂಡೆ. ಇವಕ್ಕೆಲ್ಲ ಕಾಯಿದೆ ಬರೆದವರು ಕಾಕಾ. ಬಾವಿಯ ಹತ್ತಿರ ಬಟ್ಟೆ ಒಗೆಯಬಾರದು. ಸಂಘದ ಕೋಣೆಯಲ್ಲಿ ಎಮ್ಮೆ ಕಟ್ಟಬಾರದು (ಕಟ್ಟುತ್ತಿದ್ದರು, ಅದಕ್ಕೇ ಬರೆದರು). ಹಂಡೆಯನ್ನು ಯಾರು ಮೊದಲೇ ಹೇಳಿಟ್ಟಿದ್ದರೂ ಸರಿ, ಸಾವಿನ ಮನೆಗೆ ಮೊದಲು ಕೊಡಬೇಕು. ಪಗಾರವಿಲ್ಲದ ಕೆಲಸ, ಬೈಗುಳ ಮಾತ್ರ ಧಾರಾಳ. ಅವರನ್ನು ಹೆಚ್ಚು ಗೋಳು ಹೊಯ್ದುಕೊಂಡವನು ನಾನೇ.

ಒಂದು ವರ್ಷದ ಸಭೆಯಲ್ಲಿ ಎರಡನೇ ಹಂಡೆ ಬೇಕೆಂದು ಹಟ ಹಿಡಿದೆ. ಹೆಣಕ್ಕೆ ನೀರು ಕಾಸಿದ ಹಂಡೆಯಲ್ಲೇ ಮದುವೆಯ ಸಾರು ಕುದಿಸುವುದೆಂದರೇನು? ಆದರೆ ಬಾವಿಯ ಗೋಡೆ ಕುಸಿದಿತ್ತು, ಆ ವರ್ಷದ ಬಜೆಟ್ಟಿನಲ್ಲಿ ಎರಡರಲ್ಲಿ ಒಂದಕ್ಕೇ ಜಾಗವಿತ್ತು.

“ಸತ್ತಾವ್ರಿಗೆ ಒಂದು, ಇದ್ದಾವ್ರಿಗೆ ಒಂದು ಹಂಡೆ ತರಾಕ ಸಂಘ ಕಟ್ಟಿಲ್ರಿ ನಾವು,” ಎಂದರು ಕಾಕಾ. “ಕೊಳ್ಳಾಗ ಲಿಂಗ ಇದ್ದ ಮ್ಯಾಲ ಸೂತಕ ಎಲ್ಲೀದು? ಕಲಾಯಿ ಹಾಕಿದ್ರ ಹಂಡೆ ಹೊಸಾದಾತು.”

“ನಿಮ್ಮ ಮನ್ಯಾಗ ಮದಿವಿ ಬರ್ಲಿ, ಆಗ ನೋಡೂಣ್ರಿ,” ಎಂದೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುವರ್ಷ ಅವರ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಬೀಗರು ಬೆಲ್ಲದ ಬಾಗೇವಾಡಿಯ ದೊಡ್ಡ ಮನೆತನದವರು. ಮದುವೆಗೆ ಇನ್ನೆರಡು ದಿನವಿರುವಾಗ ನನ್ನ ಅಪ್ಪ ತೀರಿಕೊಂಡ. ಹಂಡೆ ಆಗಲೇ ಕಾಕಾ ಅವರ ಅಂಗಳ ಸೇರಿತ್ತು. ಕೇಳಲು ನನಗೆ ಬಾಯಿ ಬರಲಿಲ್ಲ. ಕಾಕಾ ತಾವೇ ಒಂದು ಹಿಡಿಕೆ, ಅವರ ತಮ್ಮ ಇನ್ನೊಂದು ಹಿಡಿಕೆ ಹಿಡಿದು ಹೊತ್ತು ತಂದರು. ನಮ್ಮ ಮೆಟ್ಟಿಲಿಗೆ ಬಡಿದು ಹಂಡೆಯ ಹೊಟ್ಟೆಯಲ್ಲಿ ತಗ್ಗು ಬಿತ್ತು. ಅದರಲ್ಲೇ ನೀರು ಕಾಸಿ ಅಪ್ಪನ ಮೈ ತೊಳೆದೆವು.

“ಕಾಕಾರ, ಮದಿವಿಗೆ ಹುಕ್ಕೇರಿಯಿಂದ ಬ್ಯಾರೆ ಹಂಡೆ ತರಸ್ರಿ,” ಎಂದೆ ಮರುದಿನ.

“ಎಲ್ಲಾರಿಗೂ ಹೇಳಿ ನಾನ ತಪ್ಪಿದ್ರ ಹೆಂಗ?” ಎಂದು ಅದೇ ಹಂಡೆಗೆ ಕಲಾಯಿ ಹಾಕಿಸಿದರು.

ಬೀಗರಿಗೆ ಯಾರು ಹೇಳಿದರೋ... ಅಕ್ಷತೆ ಬಿದ್ದ ಮೇಲೆ ಸುದ್ದಿ ಹರಡಿತು. ನಮ್ಮ ಕಿಟಕಿಯಿಂದ ಚಪ್ಪರ ಕಾಣುತ್ತಿತ್ತು. ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಎಲೆ ಬಿಟ್ಟು ಎದ್ದರು. ಅವರ ಕೊರಳಲ್ಲೂ ಲಿಂಗವಿತ್ತು. ಖಾಲಿ ಪಂಕ್ತಿಯಲ್ಲಿ ಕಾಕಾ ಒಬ್ಬರೇ ಕೂತು ಆ ಸಾರು ಸುರಿದುಕೊಂಡು ಉಂಡರು. ನಾನು ಹೋಗಿ ಅವರ ಬಾಜೂ ಕೂಡಬಹುದಿತ್ತು. ಸಾವಿನ ಮನೆಯವನು ಮದುವೆಯ ಚಪ್ಪರಕ್ಕೆ ಹೇಗೆ ಹೋಗಲಿ ಎಂದು ಕಿಟಕಿಯಲ್ಲೇ ನಿಂತೆ.

ಮಗಳು ಉಣ್ಣದ ಬೀಗರ ಜೊತೆ ಹೋದಳು. ಆ ವರ್ಷ ಪಂಚಮಿಗೆ ಅವಳನ್ನು ತವರಿಗೆ ಕಳಿಸಲಿಲ್ಲ. ಕರೆಯಲು ಹೋದ ಕಾಕಾ ಒಬ್ಬರೇ ಬಸ್ಸಿಳಿದು ಬಂದರು, ಒಯ್ದಿದ್ದ ಉಂಡಿಯ ಗಂಟು ಕೈಯಲ್ಲೇ ಇತ್ತು. ಮರುವರ್ಷವೂ ಅಷ್ಟೇ.

ಆಮೇಲಿನ ಸಭೆಯಲ್ಲಿ ಅವರು ಕನ್ನಡಕ ಒರೆಸುತ್ತಾ, “ಇನ್ನೊಂದು ಹಂಡೆ ತರೂಣ್ರಿ,” ಎಂದರು. “ಹೊಸಾದು ಶುಭಕ್ಕ, ಹಳೇದು ಅಶುಭಕ್ಕ. ಕಾಯಿದೆದಾಗ ಬರಕೋರ್ರಿ. ನನಗ ಸಾಕಾಗೇತಿ.”

ಎಲ್ಲರ ಕೈ ಎದ್ದವು. ನನ್ನದು ಏಳಲಿಲ್ಲ.

“ಕೇಳಿದಾವ್ರು ನೀವ ಅಲ್ರಿ?” ಎಂದರು, ಸಿಟ್ಟಿಲ್ಲದೆ. “ಎತ್ರಿ ಕೈ.”

ಎತ್ತಿದೆ.

ಅದಾಗಿ ಕೆಲವೇ ವರ್ಷಕ್ಕೆ ಅವರು ಹೋದರು. ತಗ್ಗುಬಿದ್ದ ಹಳೆಯ ಹಂಡೆಯಲ್ಲೇ ನೀರು ಕಾಸಿದೆವು. ಮಗಳು ಬಂದಿದ್ದಳು. ಅವತ್ತು ಕಳಿಸಿದ್ದರು.

ಹೊಗೆ ತಿಳಿಯಾದ ಮೇಲೆ ಎದ್ದು ಹಂಡೆಗಳ ಹತ್ತಿರ ಹೋದೆ. ಈಗ ಸಂಘ ನೋಡಿಕೊಳ್ಳುವ ಹೆಣ್ಣುಮಗಳು ಕೇಳಿದಳು: “ಅಜ್ಜಾರ, ಇದ್ರಾಗ ಅಶುಭದ ಹಂಡೆ ಯಾವ್ದ್ರಿ? ಹೊಸಾ ಕೋಣ್ಯಾಗ ಬ್ಯಾರೆ ಇಡಬೇಕಂತ.”

ಎರಡರ ಒಳಗೂ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಕೈ ಆ ತಗ್ಗಿನ ಮೇಲೇ ಇತ್ತು.

“ಎರಡೂ ಒಂದ, ತಂಗಿ,” ಎಂದೆ. “ಕಲಾಯಿ ಹಾಕಿದ್ರ ಹಂಡೆ ಹೊಸಾದಾತು.”

ಕೈ ಎತ್ತಿದ ದಿನ ಆಡಬೇಕಿದ್ದ ಮಾತು ಅದು. ಕೇಳಬೇಕಾದವರು ಈಗಿಲ್ಲ.