ಯಾವ ತಪ್ಪು ಎಂದು ಕೇಳುತ್ತಿದ್ದವರು

ಶಿರಸ್ತೇದಾರರ ಕಿವಿಯ ತೂತಿನಲ್ಲಿ ಬೆಳಕು ಕಾಣುತ್ತಿತ್ತು. ಎಡಗಿವಿಯೋ ಬಲಗಿವಿಯೋ ಈಗ ಹೇಳಲಾರೆ. ಕಿಟಕಿ ಬೆಟ್ಟದ ಕಡೆಗಿದ್ದರೆ ಎಡಗಿವಿ, ಅಂಗಳದ ಕಡೆಗಿದ್ದರೆ ಬಲಗಿವಿ; ಆ ಕಿಟಕಿಯೇ ನನ್ನ ನೆನಪಿನಲ್ಲಿ ಜಾಗ ಬದಲಾಯಿಸುತ್ತಿರುತ್ತದೆ. ಒಂದು ಕಾಲಕ್ಕೆ ಅಲ್ಲಿ ಹತ್ತಕಡಕು ಎನ್ನುವ ಕಿವಿಯೊಡವೆ ಇದ್ದಿರಬೇಕು. ನಾನು ಮಧುಗಿರಿಗೆ ಹೋಗುವ ಹೊತ್ತಿಗೆ ತೂತು ಮಾತ್ರ ಉಳಿದಿತ್ತು. ಅವರು ಕಾಗದದ ಮೇಲೆ ಬಗ್ಗಿ ಬರೆಯುವಾಗ ಕಾಳಿನಷ್ಟು ಬೆಳಕು ಅಲ್ಲಿ ಅಲುಗದೆ ನಿಂತಿರುತ್ತಿತ್ತು. ಅವರ ವಿಷಯದಲ್ಲಿ ನನಗೆ ನೆನಪಿರುವುದರಲ್ಲಿ ನಡೆದದ್ದು ಎಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದು ಎಷ್ಟು ಎನ್ನುವುದೂ ಹೀಗೆಯೇ ಅನುಮಾನದ ಮಾತು.

ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮುಗಿಸಿದವನು ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಕಚೇರಿಗೆ ಅಮಲ್ದಾರರು ದೊಡ್ಡವರು. ಅವರ ಕೆಳಗೆ ಕಾಗದಪತ್ರಗಳ ಹೊಣೆಯೆಲ್ಲ ಶಿರಸ್ತೇದಾರರದು. ಅಲ್ಲಿ ಯಾವ ಮಾತೂ ನೇರವಾಗಿ ಶುರುವಾಗುತ್ತಿರಲಿಲ್ಲ. ಪಕ್ಕದ ಮೇಜಿನವನು ಮಸಿ ಕೇಳುವುದಕ್ಕೂ ಮೊದಲು ‘ಕ್ಷಮಿಸಬೇಕು’ ಎನ್ನುತ್ತಿದ್ದ. ಹಳ್ಳಿಯವರು ಚಪ್ಪಲಿಯನ್ನು ಹೊರಗೆ ಬಿಟ್ಟು, ತಲೆವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡು, ಹೊಸಿಲ ಹತ್ತಿರ ‘ತಪ್ಪಾಯ್ತು ಬುದ್ಧಿ’ ಎಂದು ಬಗ್ಗಿದ ಮೇಲೆಯೇ ಬಂದ ಕೆಲಸ ಹೇಳುತ್ತಿದ್ದದ್ದು. ನಾನು ಇದನ್ನು ಬಹಳ ಬೇಗ ಕಲಿತೆ.

ಮೊದಲ ವಾರದಲ್ಲೇ ಒಂದು ಕರಡನ್ನು ಹಿಡಿದು ಶಿರಸ್ತೇದಾರರ ಮುಂದೆ ನಿಂತು, “ತಪ್ಪು ತಿಳಿಯಬಾರದು ಸ್ವಾಮಿ, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಬೇಕು” ಎಂದು ಶುರುಮಾಡಿದೆ.

ಅವರು ಲೇಖನಿ ಕೆಳಗಿಟ್ಟರು. “ಯಾವ ತಪ್ಪು?”

“ಏನೂ ಇಲ್ಲ ಸ್ವಾಮಿ.”

“ಇಲ್ಲದ ತಪ್ಪಿಗೆ ನನ್ನ ಹತ್ತಿರ ಮಾಫಿ ಇಲ್ಲಪ್ಪ. ವಿಷಯ ಹೇಳು.”

ಗದರಲಿಲ್ಲ. ಕಾಯುತ್ತಾ ಕೂತರು, ಅಷ್ಟೇ. ವಿಷಯವನ್ನು ಹೇಳಿ ಮುಗಿಸಿದಾಗ ಅದು ಎಷ್ಟು ಚಿಕ್ಕದಿತ್ತೆಂದು ನನಗೇ ಆಶ್ಚರ್ಯವಾಯಿತು.

ಇನ್ನೊಂದು ದಿನ ಒಂದು ಅರ್ಜಿ ಕಾಣದೆ ಹೋಯಿತು. “ನೀನೇ ಕಳೆದಿದ್ದೀಯ” ಎಂದು ಶಿರಸ್ತೇದಾರರು ಎಲ್ಲರೆದುರು ನನಗೆ ಗಟ್ಟಿಯಾಗಿ ಹೇಳಿದರು. ಮಧ್ಯಾಹ್ನ ಅದು ಅವರು ಕೂರುತ್ತಿದ್ದ ದಿಂಬಿನ ಕೆಳಗೇ ಸಿಕ್ಕಿತು. ಎದ್ದು ನನ್ನ ಮೇಜಿನ ತನಕ ಬಂದು, ಬೆಳಗ್ಗೆ ಆಡಿದಷ್ಟೇ ಗಟ್ಟಿ ದನಿಯಲ್ಲಿ, “ಅರ್ಜಿ ನನ್ನ ಹತ್ತಿರವೇ ಇತ್ತು. ತಪ್ಪು ನನ್ನದು” ಎಂದರು. ನಾನು ಗಾಬರಿಯಾಗಿ ಎದ್ದು, “ಕ್ಷಮಿಸಬೇಕು ಸ್ವಾಮಿ” ಎಂದುಬಿಟ್ಟೆ.

“ಈಗ ನೀನ್ಯಾಕೆ?”

ಇಡೀ ಕಚೇರಿ ನಕ್ಕಿತು. ಅವರು ನಗಲಿಲ್ಲ, ತಮ್ಮ ಜಾಗಕ್ಕೆ ಹೋಗಿ ಕೂತರು. ಆ ವಿಷಯವನ್ನು ಮತ್ತೆ ಎತ್ತಲೂ ಇಲ್ಲ.

ಅವರನ್ನು ಯಾರೂ ಮನೆಗೆ ಕರೆಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕಚೇರಿಗೆ ಬಂದಿರುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಜಗಲಿಯಲ್ಲಿ ಒಬ್ಬರೇ ಬೆಟ್ಟದ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದರು. ಸೊಕ್ಕಿನ ಮನುಷ್ಯ ಎನ್ನುವುದು ಕಚೇರಿಯ ತೀರ್ಪು. ಶಿರಾದಿಂದ ಬಂದಿದ್ದ, ಜವಾನರಿಗೆಲ್ಲ ಹಿರಿಯರಾದ ದಫೇದಾರ್ ಸಾಹೇಬರು ನನಗೆ, “ಒಂದು ಸಲಾಮ್ ಜಾಸ್ತಿ ಹೊಡೆದ್ರೆ ಕೈ ಸವೆಯಲ್ಲ ಬಿ.ಎ. ಸಾಹೇಬ್ರೇ. ಈ ಯಜಮಾನ್ರಿಗೆ ಅದನ್ನ ಯಾರು ಹೇಳ್ಬೇಕು?” ಎನ್ನುತ್ತಿದ್ದರು. ಹಾಗೆಂದರೂ ಶಿರಸ್ತೇದಾರರ ಹೂಜಿಗೆ ದಿನವೂ ನೀರು ತುಂಬಿಸಿಡುತ್ತಿದ್ದವರು ಈ ದಫೇದಾರರೇ.

ಐ.ಡಿ.ಹಳ್ಳಿ ಕಡೆಯ ಒಂದು ಕೆರೆಯಲ್ಲಿ ಯಾರೋ ತೂಬು ತೆಗೆದು ನೀರು ಹರಿಯಬಿಟ್ಟಿದ್ದರು. ದೂರು ನೀರಗಂಟಿಯ ಮೇಲೆ ಬಂತು. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ಅವನ ವಂಶದ ಕೆಲಸ, ಅದಕ್ಕೆಂದು ಬಿಟ್ಟ ತುಂಡು ಇನಾಂ ಭೂಮಿಯೇ ಅವನ ಅನ್ನ. ತಪ್ಪು ರುಜುವಾತಾದರೆ ಎರಡೂ ಹೋಗುತ್ತಿದ್ದವು. ಅಮಲ್ದಾರರು ವಿಚಾರಣೆಗೆ ಕೂತರು. ಹೇಳಿಕೆ ಬರೆದುಕೊಳ್ಳುವವನು ನಾನು. ನೀರಗಂಟಿ ಹೊಸಿಲಾಚೆಯೇ ನೆಲಕ್ಕೆ ಬಗ್ಗಿ, “ತಪ್ಪಾಯ್ತು ಬುದ್ಧೀ, ಹೊಟ್ಟೆಗೆ ಹಾಕ್ಕಳಿ” ಎಂದ.

“ಒಪ್ಪಿಕೊಂಡನಲ್ಲ. ಬರೆದುಕೊಳ್ಳಿ” ಎಂದರು ಅಮಲ್ದಾರರು. ಅವರಿಗೆ ಬೇರೆ ಊರಿಗೆ ಹೊರಡುವ ಅವಸರವಿತ್ತು.

ನಾನು ಲೇಖನಿಯನ್ನು ಮಸಿಗೆ ಅದ್ದಿದೆ. ಪಕ್ಕದಲ್ಲಿದ್ದ ಶಿರಸ್ತೇದಾರರು, “ಸ್ವಾಮಿ, ಅವನು ಇನ್ನೂ ಏನೂ ಹೇಳಿಲ್ಲ” ಎಂದರು.

“ತಪ್ಪಾಯ್ತು ಅಂದದ್ದು ಕೇಳಲಿಲ್ಲವೇ?”

“ಆ ಹೊಸಿಲ ಹತ್ತಿರ ಎಲ್ಲರೂ ಅನ್ನುತ್ತಾರೆ. ನಿನ್ನೆ ತಮಗೆ ತೆಂಗಿನಕಾಯಿ ತಂದುಕೊಟ್ಟವನೂ ಅಂದ.” ಆಮೇಲೆ ಬಾಗಿಲ ಕಡೆ ತಿರುಗಿ, ನನ್ನನ್ನು ಕೇಳಿದ್ದ ದನಿಯಲ್ಲೇ ಅವನನ್ನೂ ಕೇಳಿದರು: “ಯಾವ ತಪ್ಪಯ್ಯಾ?”

ನೀರಗಂಟಿ ತಬ್ಬಿಬ್ಬಾದ. “ಯಾವ್ದೋ ಕಾಣೆ ಬುದ್ಧಿ. ದೊಡ್ಡೋರು ಕರೆಸವ್ರೆ ಅಂದ್ಮ್ಯಾಕೆ ಏನಾರ ಆಗೇ ಇರ್ತದೆ.”

“ತೂಬು ತೆಗೆದೆಯಾ?”

“ನಾನ್ಯಾಕೆ ತೆಗೀಲಿ? ಅವತ್ತು ನಾನು ಊರಾಗೇ ಇರ್ನಿಲ್ಲ. ಮಗಳ್ನ ಬಾಣಂತನಕ್ಕೆ ಕರ್ಕಂಬರಾಕೆ ತಾವರೆಕೆರೆಗೆ ಹೋಗಿದ್ದೆ.”

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ?”

“ಯಾರೂ ಕೇಳ್ನಿಲ್ವಲ್ಲ ಬುದ್ಧಿ.”

ತಾವರೆಕೆರೆಯಿಂದ ಸಾಕ್ಷಿಗಳನ್ನು ಕರೆಸುವ ತನಕ ವಿಚಾರಣೆಯನ್ನು ಮುಂದಕ್ಕೆ ಹಾಕಬೇಕಾಯಿತು. ಅಮಲ್ದಾರರ ಮುಖ ಕೆಂಪಾಗಿತ್ತು.

ಮುಂದಿನದು ನಾನು ಕಂಡದ್ದಲ್ಲ. ಬಾಗಿಲ ಪರದೆಯಾಚೆ ನಿಂತಿದ್ದ ದಫೇದಾರರು ಹೇಳಿದ್ದು. ಎರಡು ಸಲ ಕೇಳಿದಾಗ ಎರಡು ಬಗೆಯಾಗಿ ಹೇಳಿದರು, ಎರಡರಲ್ಲೂ ತಾವೇ ಒಂದಿಷ್ಟು ‘ಹುಜೂರ್’ ಸೇರಿಸಿದರು. ಅವನ್ನು ತೆಗೆದುಹಾಕಿದರೆ ಉಳಿಯುವುದು ಇಷ್ಟು. ಅಮಲ್ದಾರರು ಶಿರಸ್ತೇದಾರರನ್ನು ಒಳಗೆ ಕರೆಸಿ, “ಹತ್ತು ಜನರ ಮುಂದೆ ನನ್ನ ಮಾತನ್ನು ತಡೆದಿರಿ. ತಪ್ಪಾಯಿತು ಅಂತ ಒಂದು ಮಾತು ಹೇಳಿಬಿಡಿ, ಇಲ್ಲಿಗೆ ಮುಗಿಸೋಣ” ಎಂದರಂತೆ.

“ತಡೆದದ್ದು ಹೌದು ಸ್ವಾಮಿ. ಅದು ತಪ್ಪು ಅಂತ ನನಗೆ ಅನ್ನಿಸಿಲ್ಲ. ಅನ್ನಿಸಿದ ದಿನ ತಾವು ಕರೆಸಬೇಕಾಗಿಲ್ಲ, ನಾನೇ ಬಂದು ಹೇಳುತ್ತೇನೆ.”

ಶಿರಸ್ತೇದಾರರಿಗೆ ಪಾವಗಡಕ್ಕೆ ವರ್ಗವಾಯಿತು. ಆಗ ಅದು ಶಿಕ್ಷೆಯೆಂದೇ ಲೆಕ್ಕ: ಸುತ್ತ ಮದರಾಸಿನ ಸೀಮೆ, ನಡುವೆ ನಮ್ಮದೊಂದು ತಾಲ್ಲೂಕು, ಊರಿನ ತುಂಬ ತೆಲುಗು ಮಾತು. ಹೊರಡುವ ದಿನ ಬಸ್ಸಿನ ಹತ್ತಿರ ದಫೇದಾರರು ಮತ್ತು ನಾನು ಮಾತ್ರ ಇದ್ದೆವು. ಅವರ ಸಾಮಾನೆಂದರೆ ಒಂದು ಹಾಸಿಗೆ ಸುರುಳಿ, ಒಂದು ಪೆಟ್ಟಿಗೆ, ಪೂಜೆಯ ಗಂಟು.

“ಅಲ್ಲಿ ಒಬ್ಬರೇ ಬೇಜಾರಾಗುವುದಿಲ್ಲವೇ ಸ್ವಾಮಿ?” ಎಂದು ಕೇಳಿದೆ.

“ಆಗುತ್ತೆ” ಎಂದರು.

ಅದಕ್ಕೂ ವಿವರಣೆ ಕೊಡಲಿಲ್ಲ. ಬಸ್ಸು ಹೋದ ಮೇಲೆ ದಫೇದಾರರು ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದರು, ಧೂಳು ಎಂದರು.

ಸಾಕ್ಷಿಗಳು ಬರುವ ಮೊದಲೇ ನಾನೂ ಕೆಲಸ ಬಿಟ್ಟೆ. ಯಾವ ಊರಿನಲ್ಲೂ ನಿಲ್ಲಲಾರದ ಮನುಷ್ಯ ನಾನು. ಶಿರಾದಲ್ಲಿ ಪಾಠ ಹೇಳಿದೆ, ಬೆಂಗಳೂರಿನಲ್ಲಿ ಪತ್ರಿಕೆಯೊಂದಕ್ಕೆ ಬರೆದೆ. ಎಲ್ಲಿದ್ದರೂ ‘ಕ್ಷಮಿಸಬೇಕು’ ಬಾಯಿಗೆ ಬಂದಾಗ ಹಲ್ಲಿನ ಹಿಂದೆಯೇ ತಡೆದು, ಯಾವ ತಪ್ಪು ಎಂದು ಕೇಳಿಕೊಂಡಿದ್ದೇನೆ. ಹೆಚ್ಚಿನ ಸಲ ಉತ್ತರ ಸಿಗುತ್ತಿರಲಿಲ್ಲ. ಸಿಕ್ಕಾಗ ಒಂದು ಸಲ ಹೇಳಿ ಸುಮ್ಮನಾದೆ. ಇದರಿಂದ ನನ್ನ ಮಾತಿಗೆ ತೂಕ ಬಂತು, ಗೆಳೆಯರು ಹೆಚ್ಚಲಿಲ್ಲ. ಬುತ್ತಿಯನ್ನು ಒಬ್ಬನೇ ಬಿಚ್ಚುವಾಗ ಆ ಜಗಲಿ ನೆನಪಾಗುತ್ತಿತ್ತು.

ಅವರು ಪಾವಗಡದಲ್ಲೇ, ಬಾಡಿಗೆ ಕೋಣೆಯಲ್ಲಿ ತೀರಿಕೊಂಡರೆಂದು ದಫೇದಾರರಿಂದ ತಿಳಿಯಿತು. ಹತ್ತಿರ ಯಾರೂ ಇರಲಿಲ್ಲವಂತೆ. ಹಳೆಯ ಕಚೇರಿಯವರೊಬ್ಬರು ಸಿಕ್ಕಾಗ, “ಏನು ಸಾಧಿಸಿದ ಹೇಳಿ ಮಹಾನುಭಾವ? ಅವನು ಆ ಕಡೆ ಹೋದ, ನೀರಗಂಟಿಯನ್ನ ಈ ಕಡೆ ತೆಗೆದುಹಾಕಿದರು” ಎಂದರು. ನಾನು ನಂಬಿದೆ. ಲೋಕ ಹಾಗೇ ನಡೆಯುತ್ತದೆ ಎಂದು ಓದಿದವನಿಗೆ ನಂಬುವುದು ಸುಲಭವಾಗಿತ್ತು. ಬರಬರುತ್ತಾ ಆ ವಿಚಾರಣೆಯೇ ಹಾಗೆ ನಡೆಯಿತೇ, ಅವರ ಬಾಯಲ್ಲಿ ನನ್ನ ಮಾತುಗಳನ್ನು ಇಟ್ಟೆನೇ ಎಂದೂ ಅನ್ನಿಸತೊಡಗಿತು.

ಹೋದ ಮಾಗಿಯಲ್ಲಿ ಐ.ಡಿ.ಹಳ್ಳಿಯ ಬಸ್ಸಿಳಿದು ಆ ಕೆರೆಯ ಏರಿಯ ತನಕ ನಡೆದು ಹೋದೆ. ತೂಬಿನ ಹತ್ತಿರ ಒಬ್ಬ ಮುದುಕ ಕೂತಿದ್ದ. ನನ್ನ ಕೋಟು ಕಂಡವನೇ ಎದ್ದು ತಲೆವಸ್ತ್ರ ಬಿಚ್ಚಿ, “ತಪ್ಪಾಯ್ತು ಬುದ್ಧಿ” ಎಂದ.

“ಯಾವ ತಪ್ಪಯ್ಯಾ?” ಎಂದೆ. ಅದು ತಾನಾಗಿ ಬಂತು.

ಅವನು ನನ್ನ ಮುಖವನ್ನೇ ನೋಡಿದ. “ಇಂಗೇ ಒಬ್ರು ಕೇಳಿದ್ರು ಬುದ್ಧಿ, ಮಧುಗಿರಿ ಕಚೇರೀಲಿ. ಕಿವೀಲಿ ಬರೀ ತೂತಿತ್ತು.”

“ಯಾವ ಕಿವಿ?”

“ಎರಡ್ರಾಗೂ ಇತ್ತಲ್ಲ,” ಎಂದು ಬೊಚ್ಚು ಬಾಯಿ ತೆರೆದು ನಕ್ಕ. “ಎತ್ತರಕ್ಕೆ ಸರೀರಿ ಬುದ್ಧಿ, ಕೆಳಗದ್ದೆಗೆ ಬಿಡೋ ಹೊತ್ತಾಯ್ತು, ಕಾಲು ನೆನೀತವೆ.”

ಸರಿದು ನಿಂತೆ. ಅವನು ತೂಬನ್ನು ಎತ್ತಿದ, ನೀರು ಹೊರಟಿತು. ಕೆಲಸ ಇನ್ನೂ ಅವನದೇ. ಇಷ್ಟನ್ನು ನಾನು ಹೋಗಿ ನೋಡಿ ಬಂದಿದ್ದೇನೆ.