ಅರಿಶಿನ ಕುಂಕುಮದ ದುಡ್ಡು

ಹೊಸ ಬಿದಿರಿನ ಮೊರಕ್ಕೆ ಅರಿಶಿನ ಬಳಿದು ಬಿಸಿಲಿಗೆ ಇಟ್ಟಾಗ ಒಂದು ವಾಸನೆ ಬರುತ್ತದೆ. ವರ್ಷಕ್ಕೊಮ್ಮೆ, ಗೌರಿ ಹಬ್ಬ ಹತ್ತಿರವಾದಾಗ, ಆ ವಾಸನೆ ನಮ್ಮ ರಾಜಾಜಿನಗರದ ಮನೆಯ ನಡುಮನೆ ತುಂಬಿಕೊಳ್ಳುತ್ತದೆ. ಇವತ್ತು ಬೆಳಿಗ್ಗೆ ಸೊಸೆ ಮೊಣಕೈವರೆಗೂ ಅರಿಶಿನ ಮಾಡಿಕೊಂಡು ಬಂದು ಕೇಳಿದಳು: "ಅತ್ತೆ, ನಿಮ್ಮ ತಮ್ಮನ ಮನೆಗೂ ಒಂದು ಜೊತೆ ಮೊರ ಇಡ್ಲಾ, ಇಲ್ಲ ಈ ಸಲಾನೂ ಬೇಡ್ವಾ?"

ನಾನು ಕೇಳಿಸದವಳ ಹಾಗೆ ಬತ್ತಿ ಹೊಸೆಯುತ್ತಾ ಕೂತೆ. ವಯಸ್ಸಾದವರಿಗೆ ಕಿವುಡು ಒಂದು ದೊಡ್ಡ ಅನುಕೂಲ, ಬೇಕೆಂದಾಗ ಬರುತ್ತದೆ.

ವಿಷಯ ಇಷ್ಟೇ. ವಿಜಯನಗರದಲ್ಲಿರುವ ನನ್ನ ತಮ್ಮ ತನ್ನ ಮಗನಿಗೆ ಅಂಗಡಿ ಹಾಕಿಸಿಕೊಡಲು ನನ್ನಿಂದ ಹಣ ತೆಗೆದುಕೊಂಡ. ಅಂಗಡಿ ಮುಚ್ಚಿತು. ಅಂದಿನಿಂದ ಅವನು ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ಹೋದ ವರ್ಷ ಗೌರಿ ಹಬ್ಬಕ್ಕೂ ಬರಲಿಲ್ಲ. ನಮ್ಮ ಕಡೆ ಆ ಹಬ್ಬಕ್ಕೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಅರಿಶಿನ ಕುಂಕುಮದ ದುಡ್ಡು ಕೊಡುವುದು, ಅವರು ತವರಿಗೆ ಮೊರದ ಬಾಗಿನ ಕೊಡುವುದು, ಎಂದಿನಿಂದಲೂ ನಡೆದು ಬಂದದ್ದು. "ಆ ದುಡ್ಡಿಗೆ ಎಳ್ಳುನೀರು ಬಿಟ್ಬಿಡಮ್ಮ" ಎನ್ನುತ್ತಾನೆ ನನ್ನ ಮಗ. ದುಡ್ಡಿಗೆ ಬಿಡಬಹುದು. ತಮ್ಮನಿಗೆ ಹೇಗೆ ಬಿಡುವುದು? ಅವನು ಬಾರದಿರುವುದು ನನಗೆ ನೋವಾಗಿದೆ, ಕೋಪವೂ ಬಂದಿದೆ. ನಾನೇ ಫೋನ್ ಮಾಡಿದರೆ ಸಾಲ ಕೇಳಲು ಮಾಡಿದಳು ಅಂದುಕೊಳ್ಳುತ್ತಾನೇನೋ ಎಂಬ ಅಳುಕು ಬೇರೆ.

ಬತ್ತಿ ಹೊಸೆಯುತ್ತಾ ಕೈ ನೆಲಕ್ಕೆ ತಗುಲಿತು. ನಮ್ಮ ನಡುಮನೆಯದು ಕೆಂಪು ಗಾರೆ ನೆಲ. ಮಗ ಕಿತ್ತು ಹಾಕಿಸಿ ಟೈಲ್ಸ್ ಹಾಕಿಸುತ್ತೇನೆಂದಾಗಲೆಲ್ಲ ನಾನು ರಂಪ ಮಾಡಿ ಉಳಿಸಿಕೊಂಡಿದ್ದೇನೆ. ಕೂತ ಕಡೆಯೇ ನನ್ನ ಅತ್ತೆಯ ನೆನಪಾಯಿತು.

ನಾನು ಮದುವೆಯಾಗಿ ಈ ಮನೆಗೆ ಬಂದದ್ದು ಐವತ್ತರ ದಶಕದಲ್ಲಿ. ರಾಜಾಜಿನಗರ ಎಂದರೆ ಆಗ ಹೆಸರಿಗಷ್ಟೇ ನಗರ. ಅಳತೆಯ ಕಲ್ಲು ನೆಟ್ಟ ಸೈಟುಗಳು, ಅವುಗಳ ಮಧ್ಯೆ ಇನ್ನೂ ಹಟ ಬಿಡದೆ ಬೆಳೆಯುತ್ತಿದ್ದ ರಾಗಿ, ಅಲ್ಲೊಂದು ಇಲ್ಲೊಂದು ಮನೆ. ಪೇಟೆಯಲ್ಲಿ ಹುಟ್ಟಿದ ನನ್ನನ್ನು ಈ ಬಯಲಿಗೆ ಕೊಟ್ಟರಲ್ಲ ಎಂದು ನನ್ನ ಅಜ್ಜಿ ಕಣ್ಣೀರು ಹಾಕಿದ್ದಳು. ಮನೆಗೆ ಗೋಡೆ ಇತ್ತು, ತಾರಸಿ ಇತ್ತು, ನೆಲ ಮಾತ್ರ ಮಣ್ಣಿನದು. ದಿನ ಬಿಟ್ಟು ದಿನ ಸಗಣಿ ಹಾಕಿ ಸಾರಿಸುವ ಕೆಲಸ ಹೊಸ ಸೊಸೆಯ ಪಾಲಿಗೆ ಬಂತು. ಮದುವೆಗೆ ಮುಂಚೆ ಸಗಣಿಯನ್ನು ದೂರದಿಂದ ನೋಡಿ ಗೊತ್ತಿತ್ತು, ಅಷ್ಟೆ. "ಇನ್ನೇನು, ದುಡ್ಡು ಕೂಡಿಟ್ಟಿದೀವಿ, ಸಂಕ್ರಾಂತಿ ಹೊತ್ತಿಗೆ ಗಾರೆ ಹಾಕಿಸ್ತೀವಿ" ಎಂದು ಮಾವ ಸಮಾಧಾನ ಹೇಳುತ್ತಿದ್ದರು. ಅವರು ಕೋರ್ಟಿನಲ್ಲಿ ಗುಮಾಸ್ತರು. ನಗುವುದಕ್ಕೂ ಅರ್ಜಿ ಹಾಕಬೇಕೇನೋ ಎಂಬಂಥ ಮುಖ, ಒಳಗೆ ಒಳ್ಳೆಯವರು.

ಅತ್ತೆ ಮಹಾ ಕೈಬಿಗಿ. ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳಿದರೆ ಲೋಟವನ್ನು ಕುಟ್ಟದೆ, ಅಲ್ಲಾಡಿಸದೆ, ಹಗುರವಾಗಿ ತುಂಬಿ ಕೊಡುವರು. ವಾಪಸು ಬಂದಾಗ ಕುಟ್ಟಿ ನೋಡಿಕೊಳ್ಳುವರು. ಇಂಥ ಅತ್ತೆಯ ಕೈ ಸಡಿಲವಾಗುತ್ತಿದ್ದದ್ದು ಒಬ್ಬನ ಮುಂದೆ ಮಾತ್ರ. ಅವನು ಅವರ ತಮ್ಮ, ಕೆಂಗೇರಿಯ ಪುಟ್ಟಸ್ವಾಮಿ. ತಾಯಿತಂದೆ ಹೋದ ಮೇಲೆ ಅತ್ತೆಗೆ ತವರು ಎಂದರೆ ಆ ಒಬ್ಬ ಮನುಷ್ಯ. ಕೆಂಗೇರಿಯಿಂದ ರೈಲು ಹತ್ತಿ, ಸಿಟಿ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಹೆಗಲ ಮೇಲೆ ಒಂದು ಗಂಟು ಹಾಕಿಕೊಂಡು ನಡೆದೇ ಬರುವನು. ಗಂಟಿನಲ್ಲಿ ಅವರೆಕಾಯಿಯೋ ಹಲಸಿನ ತೊಳೆಯೋ ಇರುತ್ತಿತ್ತು. ಗೌರಿ ಹಬ್ಬಕ್ಕಾದರೆ ಒಂದು ರವಿಕೆ ಕಣ, ಎಲೆಯಡಿಕೆ, ಅದರ ಮೇಲೆ ಎರಡು ರೂಪಾಯಿ. ಆ ಎರಡು ರೂಪಾಯಿಯನ್ನು ಕಣ್ಣಿಗೆ ಒತ್ತಿಕೊಳ್ಳುವಾಗ ಅರಳಿದಷ್ಟು ಅತ್ತೆಯ ಮುಖ ಮಾವನ ಇಡೀ ಸಂಬಳಕ್ಕೂ ಅರಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪುಟ್ಟಸ್ವಾಮಿ ಮಾವ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಮಾತು ತೆಗೆದ. "ಅಕ್ಕಾ, ಇಲ್ಲೆಲ್ಲಾ ಮನೆ ಏಳ್ತಾವೆ. ಮರಳಿಗೆ ಜನ ಬಾಯಿ ಬಾಯಿ ಬಿಡ್ತಾವ್ರೆ. ನಮ್ಮೂರ ಹೊಳೇಲಿ ಮರಳು ಬಿದ್ದೈತೆ. ಒಂದು ಜೊತೆ ಎತ್ತು, ಗಾಡಿ ಆದ್ರೆ ಸಾಕು. ಮುನ್ನೂರು ರೂಪಾಯಿ ಕೊಡು, ವರ್ಷದೊಳಗೆ ತೀರಿಸ್ಬಿಡ್ತೀನಿ."

ಮುನ್ನೂರು ಎಂದರೆ ನಮ್ಮ ನೆಲದ ದುಡ್ಡು, ಪೂರ್ತಿ. ಮಾವ ತಾರಸಿ ನೋಡಿದರು. ನಾನು ನನ್ನ ಅಂಗೈ ನೋಡಿಕೊಂಡೆ. ಅತ್ತೆ ಎದ್ದು ಒಳಗೆ ಹೋಗಿ ಟ್ರಂಕು ತೆಗೆದರು.

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂದು ಮಾವ ಸಂಜೆ ಗೊಣಗಿದರು, ಭಾವಮೈದುನ ಹೋದ ಮೇಲೆ.

ಗಾದೆ ಕಟ್ಟಿದವರು ದಡ್ಡರಲ್ಲ. ಮೊದಲು ಕೆಲವು ತಿಂಗಳು ಗಾಡಿ ನಮ್ಮ ರಸ್ತೆಯಲ್ಲೇ ಗಂಟೆ ಆಡಿಸಿಕೊಂಡು ಓಡಾಡಿತು. ಆಮೇಲೆ ಕಂಟ್ರಾಕ್ಟರುಗಳು ಲಾರಿ ತಂದರು. ಎತ್ತಿನ ಗಾಡಿ ಇಡೀ ದಿನ ಎಳೆದದ್ದನ್ನು ಲಾರಿ ಒಂದೇ ಸಲಕ್ಕೆ ಸುರಿದು ಹೋಗುತ್ತಿತ್ತು. ಎತ್ತು ಮಾರಿದ ಸುದ್ದಿ ಬಂತು. ಪುಟ್ಟಸ್ವಾಮಿ ಮಾವ ಮಾತ್ರ ಬರಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ನಾನು ಸಗಣಿ ಸಾರಿಸುತ್ತಲೇ ಇದ್ದೆ, ಸಾರಿಸುವಾಗೆಲ್ಲ ಆ ಎತ್ತುಗಳನ್ನು ನೆನೆಸಿಕೊಂಡು ಬೈಯುತ್ತಿದ್ದೆ. ಪಾಪ, ಅವೇನು ಮಾಡಿದ್ದವು!

ಆ ವರ್ಷದ ಗೌರಿ ಹಬ್ಬ ಬಂತು. ಅತ್ತೆ ಪೂಜೆ ಮುಗಿಸಿ, ತಮ್ಮನ ಹೆಂಡತಿಗೆಂದು ಕಟ್ಟಿದ ಬಾಗಿನವನ್ನು ಬಾಗಿಲ ಪಕ್ಕ ಇಟ್ಟುಕೊಂಡು, ರಸ್ತೆ ನೋಡುತ್ತಾ ಕೂತರು. ಹೋಳಿಗೆ ಆರಿತು. ಮೂರು ಸಲ ಕರೆದ ಮೇಲೆ ಎದ್ದು ಬಂದು ಎಲೆಯ ಮುಂದೆ ಕೂತು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು.

"ದುಡ್ಡು ಹೋದ್ರೆ ಹೋಗ್ಲಿ ಬಿಡೇ" ಎಂದರು ಮಾವ, ತಾವೇ ಗಾದೆ ಹೇಳಿದವರು.

"ದುಡ್ಡಿಗಲ್ಲ ಕಣ್ರೀ. ಎರಡು ರೂಪಾಯಿ ಹಿಡ್ಕೊಂಡು ಹೆಂಗೆ ಬರ್ತಾನೆ ಅವ್ನು? ಮುನ್ನೂರು ಕೊಡಬೇಕಾದೋನು ಎರಡು ರೂಪಾಯಿ ತಂದು ಅಕ್ಕನ ಮುಂದೆ ಇಟ್ರೆ ನಗಪಾಟಲಾಗಲ್ವಾ? ನಾನೇ ಅವ್ನ ದಾರಿಗೆ ಕಲ್ಲು ಹಾಕ್ದೆ."

ಮರುವರ್ಷ ಅವನು ಬಂದ. ನಾವು ಯಾರೂ ಎಣಿಸಿರಲಿಲ್ಲ. ಸೊರಗಿದ್ದ, ಗಂಟು ಚಿಕ್ಕದಾಗಿತ್ತು. ಗೌರಿಯ ಮುಂದೆ ರವಿಕೆ ಕಣ ಇಟ್ಟು, ಎಲೆಯಡಿಕೆ ಇಟ್ಟು, ಅದರ ಮೇಲೆ ಮಡಿಸಿದ ನೋಟುಗಳನ್ನಿಟ್ಟ. ಐವತ್ತು ರೂಪಾಯಿ. ಸಾಲದ ಮೊದಲ ಕಂತು ಎಂದು ಅವನ ತಲೆಯಲ್ಲಿತ್ತು. ಮಾವನ ತಲೆಯಲ್ಲೂ ಅದೇ ಇತ್ತು, ಅವರ ಕೈ ಆಗಲೇ ಅರ್ಧ ಚಾಚಿತ್ತು.

ಅತ್ತೆ ನೋಟುಗಳನ್ನು ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಾಗಿಲಿಗೆ ಬಂದು, ಅರಿಶಿನ ಕುಂಕುಮಕ್ಕೆ ಬರುತ್ತಿದ್ದ ಪಕ್ಕದ ಮನೆಯಾಕೆಗೆ ಕೇಳುವಂತೆ ಹೇಳಿದರು: "ನೋಡ್ರೀ, ನನ್ ತಮ್ಮ ಗೌರಿ ಹಬ್ಬಕ್ಕೆ ಐವತ್ತು ರೂಪಾಯಿ ತಂದವ್ನೆ! ನಿಮ್ ಕಡೆ ಯಾರಾದ್ರೂ ಕೊಡ್ತಾರಾ?"

ಪುಟ್ಟಸ್ವಾಮಿ ಮಾವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ಅಕ್ಕಾ, ಅದು... ಅದು ಆ ಬಾಬ್ತು..."

"ಹಬ್ಬದ ದಿವಸ ಬಾಬ್ತು ಗೀಬ್ತು ಮಾತಾಡ್ಬೇಡ ಕಣೋ. ಗೌರಮ್ಮನ ಮುಂದೆ ಇಟ್ಟಿದ್ದು ಅರಿಶಿನ ಕುಂಕುಮದ ದುಡ್ಡು. ಬಾ, ಕೈಕಾಲು ತೊಳ್ಕೊ, ಊಟ ಮಾಡು."

ಅತ್ತೆ ಒಬ್ಬರೇ ಸಿಕ್ಕಾಗ ಕೇಳಿದೆ, ಹೀಗಾದರೆ ಸಾಲ ಎಂದಿಗೆ ತೀರುವುದು ಎಂದು. ನನಗೂ ನೆಲದ ಚಿಂತೆ ಇತ್ತಲ್ಲ. ಅತ್ತೆ ಹೋಳಿಗೆಗೆ ತುಪ್ಪ ಹಾಕುತ್ತಾ ಹೇಳಿದರು: "ಸಾಲ ಅಂತ ಇಸ್ಕೊಂಡ್ರೆ ನಾನು ಸಾಹುಕಾರ್ತಿ ಆಗ್ತೀನಿ ಕಣಮ್ಮ. ಸಾಹುಕಾರರ ಮನೆಗೆ ಯಾರು ಸುಮ್‌ಸುಮ್ನೆ ಬರ್ತಾರೆ? ಅವ್ನು ತಲೆ ಎತ್ಕೊಂಡು ಬರ್ಲಿ."

ಆ ಬಡಪಾಯಿಯೂ ಬಿಡಲಿಲ್ಲ. ಒಮ್ಮೆ ಹಬ್ಬವಲ್ಲದ ದಿನ ನೋಡಿಕೊಂಡು ಬೇಕೆಂದೇ ಬಂದ, ಇಪ್ಪತ್ತೈದು ರೂಪಾಯಿ ನೀಡಿದ. ಅತ್ತೆ ಮುಟ್ಟಲಿಲ್ಲ. "ಹಬ್ಬಕ್ಕೆ ತಗೊಂಬಾ" ಎಂದು ಅವರೆಕಾಯಿ ಮಾತ್ರ ಇಳಿಸಿಕೊಂಡು ಕಳಿಸಿದರು. ಹೀಗೆ ಅವನು ಪ್ರತಿ ಗೌರಿಗೂ ಕೈಲಾದಷ್ಟು ತಂದು ಸಾಲ ತೀರಿಸುತ್ತಿದ್ದ, ಅತ್ತೆ ಪ್ರತಿ ಗೌರಿಗೂ ಅದನ್ನು ಉಡುಗೊರೆಯಾಗಿ ತೆಗೆದುಕೊಳ್ಳುತ್ತಿದ್ದರು.

ಆ ದುಡ್ಡನ್ನು ಅವರು ಖರ್ಚು ಮಾಡಲಿಲ್ಲ. ಕೂಡಿತು ಎನಿಸಿದಾಗ ಗಾರೆಯವರನ್ನು ಕರೆಸಿದರು, ನಡುಮನೆಗೆ ಕೆಂಪು ನೆಲ ಬಂತು. ನಾನು ಕುಣಿಯುವುದೊಂದು ಬಾಕಿ. "ಅಂತೂ ನಮ್ಮ ದುಡ್ಡು ವಾಪಸ್ ಬಂತು" ಎಂದು ಮಾವ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದರು. ಅತ್ತೆ ಅದನ್ನು ಬಾಯಿಬಿಟ್ಟು ಅಲ್ಲಗಳೆಯಲಿಲ್ಲ. ಮನೆಗೆ ಬಂದವರಿಗೆಲ್ಲ ಮಾತ್ರ "ಇದು ನನ್ ತಮ್ಮ ಹಾಕ್ಸಿಕೊಟ್ಟ ನೆಲ" ಎಂದು ತೋರಿಸುತ್ತಿದ್ದರು. ಪುಟ್ಟಸ್ವಾಮಿ ಮಾವ ಕೊನೆಯವರೆಗೂ ಬರುತ್ತಿದ್ದ. ಅತ್ತೆ ತೀರಿಕೊಂಡಾಗ ಈ ನೆಲದ ಮೇಲೆಯೇ ಅವರ ತಲೆಯ ಬಳಿ ಕೂತು ಮಗುವಿನಂತೆ ಅತ್ತ.

ಬತ್ತಿಗಳನ್ನು ಪಕ್ಕಕ್ಕಿಟ್ಟು ಎದ್ದೆ. ಮಂಡಿ ಕಟಕಟ ಎಂದಿತು. ಫೋನಿನ ಹತ್ತಿರ ಹೋಗಿ ವಿಜಯನಗರದ ನಂಬರು ತಿರುಗಿಸಿದೆ. ತಮ್ಮನೇ ಎತ್ತಿದ.

"ಏನೋ, ಮಾನ ಮರ್ಯಾದೆ ಇದೆಯೇನೋ ನಿಂಗೆ?" ಎಂದೆ. "ನನ್ನ ದುಡ್ಡು ಎಲ್ಲಿ?"

"ಅಕ್ಕಾ... ಕೊಡ್ತೀನಿ ಅಕ್ಕಾ. ಅಂಗಡಿ ದುಡ್ಡು ಒಂದೇ ಸಲಕ್ಕೆ ಆಗಲ್ಲ, ಸ್ವಲ್ಪ ಸ್ವಲ್ಪ..."

"ಅಂಗಡಿ ದುಡ್ಡು ಯಾರೋ ಕೇಳಿದ್ದು? ಹೋದ ವರ್ಷದ್ದು ಅರಿಶಿನ ಕುಂಕುಮದ ದುಡ್ಡು ಬಂದಿಲ್ಲ. ಈ ಸಲ ಎರಡೂ ವರ್ಷದ್ದು ಸೇರಿಸಿ ತಗೊಂಡು ಬಾ. ಹತ್ತು ರೂಪಾಯಿ ಆದ್ರೂ ಸರಿ, ನೀನೇ ಬಂದು ಕೊಡ್ಬೇಕು."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು, ಅದರ ಹಿಂದೆಯೇ ಚಿಕ್ಕಂದಿನ ಅದೇ ದನಿ: "ಹೋಳಿಗೆ ಬೇಳೇದೋ ಕಾಯಿದೋ?"

"ಬಂದು ನೋಡು" ಎಂದು ಫೋನು ಇಟ್ಟೆ. ಕಣ್ಣೊರೆಸಿಕೊಂಡು ಸೊಸೆಯನ್ನು ಕೂಗಿ, ಇನ್ನೊಂದು ಜೊತೆ ಮೊರಕ್ಕೆ ಅರಿಶಿನ ಬಳಿಯಲು ಹೇಳಿದೆ.